ದೀಕ್ಷಾ ಆ್ಯಪ್: ತರಗತಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕ್ ಹತ್ತಿರ ಮಾತ್ರ. ಹಾಗಾಗಿ ಯಾವ ಆ್ಯಪ್ ಬಂದರೂ ನಾನು ಮೊದಲು ನೋಡುವುದು ಒಂದೇ: ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋದರೆ ನೆಟ್ ಇಲ್ಲದೆ ಓಡುತ್ತಾ? ಶಾಲೆಯ ಪಾಠಗಳಿರುವ ದೀಕ್ಷಾ ಆ್ಯಪ್ ಓಡುತ್ತದೆ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಇದನ್ನು ಬಳಸುತ್ತಿದ್ದೇನೆ.

ಕೇಂದ್ರ ಸರ್ಕಾರ 2017ರ ಶಿಕ್ಷಕರ ದಿನ ಶುರು ಮಾಡಿದ್ದು ಇದು. ನೋಡಿಕೊಳ್ಳುವುದು ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ. ದುಡ್ಡು ಕೊಡಬೇಕಿಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿಸಿದ ವಿಡಿಯೊ, ಪ್ರಶ್ನೆಗಳು ಬರುತ್ತವೆ. ಮಕ್ಕಳ ಪುಸ್ತಕ ಗೊತ್ತಲ್ಲ, ಕೋಡ್ ಮೇಲೆ ಮಸಿ ಚೆಲ್ಲಿರುತ್ತದೆ, ಇಲ್ಲವೇ ಪುಟ ಹರಿದಿರುತ್ತದೆ. ಆಗ ಕೋಡ್ ಕೆಳಗಿನ ಆರು ಅಕ್ಷರ ಟೈಪ್ ಮಾಡಿದರೂ ಸಾಕು.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಪಾಠ ನೋಡುವುದಕ್ಕೆ ಮಕ್ಕಳು ಫೋನ್ ನಂಬರ್ ಕೊಟ್ಟು ಲಾಗಿನ್ ಆಗಬೇಕಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ಇನ್ನೊಂದು ಉಚಿತ ಕ್ವಿಜ್ ಆ್ಯಪ್ ತೆರೆಸಿದ ದಿನ. ಅದು ಮೊದಲೇ ನಂಬರ್ ಕೇಳಿತು. ಮುಂದಿನ ಬೆಂಚಿನ ಹುಡುಗಿ ಅಮ್ಮನ ನಂಬರ್ ಒತ್ತುತ್ತಾ ಎಂಟನೇ ಅಂಕಿಗೆ ನಿಂತಳು. "ಮಿಸ್, ಕ್ವಿಜ್ ಆಡೋಕೆ ಅಮ್ಮನ ನಂಬರ್ ಯಾಕೆ?" ಅಂದಳು.

ಅಂಗಾಂಶದ ಪಾಠ ಅಲ್ಲಿಗೇ ಬಿಟ್ಟೆ. ಆ ಆ್ಯಪ್ ಏನೇನು ಕೇಳುತ್ತದೆ ಅಂತ ಮಕ್ಕಳೇ ಹೇಳುತ್ತಾ ಹೋದರು, ನಾನು ಬೋರ್ಡ್ ಮೇಲೆ ಬರೆದೆ: ನಂಬರ್, ಲೊಕೇಶನ್, ಕಾಂಟ್ಯಾಕ್ಟ್ಸ್. ಹದಿನೆಂಟು ತುಂಬದವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನೇ ಹೇಳುತ್ತದೆ ಅಂತ ತಿಳಿಸಿದೆ. ಮನೆಯ ಫೋನಿನಲ್ಲಿ ಯಾವ ಆ್ಯಪ್‌ಗೆ ಏನೇನು ನೋಡುವ ಪರ್ಮಿಷನ್ ಇದೆ ಅಂತ ನೋಡಿಕೊಂಡು ಬನ್ನಿ ಅಂದೆ. ಮಾರನೇ ದಿನ ಒಬ್ಬ ಹುಡುಗ ಓಡಿ ಬಂದ. ಅವರಪ್ಪನ ಫೋನಿನಲ್ಲಿ ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಪರ್ಮಿಷನ್ ಇತ್ತಂತೆ! ಆನ್‌ಲೈನ್‌ನಲ್ಲಿ ಮೋಸದಿಂದ ದುಡ್ಡು ಹೋದರೆ ಕರೆ ಮಾಡಬೇಕಾದ ಸಹಾಯವಾಣಿ ನಂಬರ್ 1930 ಈಗ ಎಲ್ಲರ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲಿದೆ.

ಇನ್ನೊಂದು ಪಾಠವನ್ನು ದೀಕ್ಷಾದಿಂದಲೇ ಎತ್ತಿಕೊಂಡೆ. ವಿಡಿಯೊ ಯಾರು ಮಾಡಿದ್ದು, ಯಾವ ಲೈಸೆನ್ಸ್ (ಅಂದರೆ ಬೇರೆಯವರು ಅದನ್ನು ಹೇಗೆ ಬಳಸಬಹುದು) ಅಂತ ಅದರ ಕೆಳಗೆ ವಿವರ ಇರುತ್ತದೆ. ಯಾರೂ ಓದುವುದಿಲ್ಲ. ನಾನು ಜೋರಾಗಿ ಓದಿಸಿದೆ. ಈಗ ಚಾರ್ಟ್ ಮಾಡುವಾಗ ಫೋಟೊ ಎಲ್ಲಿಂದ ತಂದದ್ದು ಎಂದು ಬರೆಯಲೇಬೇಕು. ಹೊಂಗೆ ಮರದ ಚಿತ್ರದ ಕೆಳಗೆ ಒಬ್ಬ ಹುಡುಗ ಬರೆದಿದ್ದ: "ಫೋಟೊ: ನಮ್ಮಕ್ಕ. ಕೇಳಿ ಹಾಕಿದ್ದೇನೆ." ಓದಿ ಕಣ್ಣು ತುಂಬಿ ಬಂತು.

ಆದರೆ ಆ್ಯಪ್ ಹಾಕಿಕೊಂಡ ಮಾತ್ರಕ್ಕೆ ಇದೆಲ್ಲ ಆಗುವುದಿಲ್ಲ. ಅದು ಪಾಠ ಕೊಡುತ್ತದೆ. ನಂಬರ್ ಕೊಡುವ ಮುಂಚೆ ನಿಂತು ಕೇಳುವುದನ್ನು ನಾವೇ ಕಲಿಸಬೇಕು.

ಬಳಸುವ ಟೀಚರ್‌ಗಳಿಗೆ ಒಂದು ಮಾತು. ವಿಡಿಯೊಗಳನ್ನು ಬೇರೆ ಬೇರೆಯವರು ಮಾಡಿರುತ್ತಾರೆ, ಹಿಂದಿನ ರಾತ್ರಿಯೇ ಪೂರ್ತಿ ನೋಡಿಕೊಳ್ಳಿ. ತರಗತಿಯಲ್ಲಿ ಸುಮ್ನೆ ಒಂದೇ ಸಮನೆ ಓಡಿಸಬೇಡಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಂದೇನಾಗುತ್ತದೆ ಅಂತ ಕೇಳಿ. ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ.