ಮೃಗಾಲಯ ವಿಮರ್ಶೆ: ಹುಲಿ ಸರಿಯಾದ ಜಾಗದಲ್ಲಿದೆ, ಜಿರಾಫೆ ಇಲ್ಲ (5ಕ್ಕೆ 3 ಸ್ಟಾರ್)

ಪ್ರದೇಶವಾರು ವಲಯ ಮಾಡಿರುವ ಮೃಗಾಲಯ ಇದು. ಹೆಸರು ಬೇಡ, ನಾನು ಹೇಳುವ ತೊಂದರೆ ಬೇರೆ ಕಡೆಯೂ ಇದೆ.

ಸುಮಾತ್ರಾ ವಲಯಕ್ಕೆ ಪೂರ್ತಿ ಅಂಕ. ಹುಲಿ ನಿಜಕ್ಕೂ ಸುಮಾತ್ರಾದ್ದೇ: ಮೈ ಚಿಕ್ಕದು, ಪಟ್ಟೆಗಳು ಒತ್ತೊತ್ತು, ಕೆನ್ನೆಯ ಸುತ್ತ ಉದ್ದ ಕೂದಲು. ಪಕ್ಕದಲ್ಲಿ ವಯಸ್ಸಾದ ಹೆಣ್ಣು ಒರಾಂಗುಟಾನ್. ಅದರ ಬೋರ್ಡಿನಲ್ಲಿ ಮುಚ್ಚುಮರೆ ಇಲ್ಲ: ತಾಯಿ ಬೋರ್ನಿಯೊದ್ದು, ತಂದೆ ಸುಮಾತ್ರಾದ್ದು, ಇದರಿಂದ ಮರಿ ಮಾಡಿಸುವುದಿಲ್ಲ. ಒರಾಂಗುಟಾನ್‌ಗಳು 50 ವರ್ಷ ದಾಟಿಯೂ ಬದುಕಬಲ್ಲವು. ಬೋರ್ನಿಯೊ, ಸುಮಾತ್ರಾ ಎರಡೂ ಕಡೆಯವನ್ನು ಒಂದೇ ಅಂತ ಒಟ್ಟಿಗೆ ಬಿಡುತ್ತಿದ್ದ ಕಾಲದಲ್ಲಿ ಹುಟ್ಟಿದ ಪ್ರಾಣಿಯನ್ನು ಹೀಗೆ ಪ್ರೀತಿಯಿಂದ ನೋಡಿಕೊಳ್ಳುವುದು ನನಗೆ ತುಂಬಾ ಹಿಡಿಸಿತು.

ಹಕ್ಕಿಗಳ ಮನೆ ಸಾಧಾರಣ.

ನನ್ನ ತಕರಾರು ಇರುವುದು ಆಫ್ರಿಕಾದಲ್ಲಿ. ಬೋರ್ಡ್ 'ಮಸಾಯಿ ಮಾರಾ' ಅನ್ನುತ್ತದೆ, ಅಂದರೆ ದಕ್ಷಿಣ ಕೀನ್ಯಾದ ವನ್ಯಜೀವಿ ತಾಣ. ಒಳಗಿನ ಗಂಡು ಜಿರಾಫೆಯ ಮೈತುಂಬ ಅಂಚು ಸ್ಪಷ್ಟವಾದ ದೊಡ್ಡ ಕಂದು ಮಚ್ಚೆಗಳು, ನಡುವೆ ತೆಳು ಬಿಳಿ ಗೆರೆ. ಅದು ರೆಟಿಕ್ಯುಲೇಟೆಡ್ ಜಿರಾಫೆ. ಉತ್ತರ ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾ ಕಡೆಯದು. ಮಸಾಯಿ ಜಿರಾಫೆಯ ಮಚ್ಚೆ ಅಂಚು ಹರಿದ ಎಲೆಯ ಹಾಗಿರುತ್ತದೆ. ಇದು ದಕ್ಷಿಣ ಕೀನ್ಯಾ, ಟಾಂಜಾನಿಯಾದ್ದು. ಬೋರ್ಡ್ ಮಾತ್ರ ತಪ್ಪಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೆಣ್ಣು ಎರಡರ ಮಿಶ್ರಣ ಅಂತ ಕೀಪರ್ ತಾವೇ ಹೇಳಿದರು. ಇವೆರಡಕ್ಕೂ ಮರಿ ಹುಟ್ಟಿದೆ. ಗೇಟಿನಲ್ಲೇ ಮರಿಯ ದೊಡ್ಡ ಫೋಟೋ, ಕೆಳಗೆ 'ಸಂರಕ್ಷಣೆಯ ಗೆಲುವು' ಎಂಬ ಸಾಲು.

ಮರಿ ಮುದ್ದಾಗಿದೆ, ನಿಜ. ಆದರೆ ಮೊದಲು ಒಂದೇ ಪ್ರಭೇದದ ಒಳಗುಂಪು ಎನ್ನುತ್ತಿದ್ದ ಈ ಜಿರಾಫೆಗಳನ್ನು 2025ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ನಾಲ್ಕು ಪ್ರಭೇದಗಳೆಂದೇ ಒಪ್ಪಿದೆ. ಮಸಾಯಿಯೂ ರೆಟಿಕ್ಯುಲೇಟೆಡ್ಡೂ ಈಗ ಬೇರೆ ಬೇರೆ. ಸ್ಟಡ್‌ಬುಕ್‌ನಲ್ಲಿ, ಅಂದರೆ ಮೃಗಾಲಯದ ಪ್ರಾಣಿಗಳ ವಂಶಾವಳಿ ದಾಖಲೆಯಲ್ಲಿ, ವಂಶ ನೋಡಿ ಜೋಡಿ ಕೂಡಿಸುವ ಯಾವ ಯೋಜನೆಗೂ ಈ ಮರಿ ಉಪಯೋಗಕ್ಕೆ ಬರುವುದಿಲ್ಲ. ತಾಯಿ ಸುಮಾರು 15 ತಿಂಗಳು ಹೊತ್ತು ಹೆತ್ತ ಮರಿ ಅದು. ಮುಂದೆ 20 ವರ್ಷಕ್ಕೂ ಜಾಸ್ತಿ ಅದಕ್ಕೆ ಕೊಟ್ಟಿಗೆ, ಮೇವು, ಓಡಾಡಲು ಬಯಲು ಬೇಕು. ಅಷ್ಟೂ ವರ್ಷ ಆ ಜಾಗ ಶುದ್ಧ ವಂಶದ ಒಂದು ಜಿರಾಫೆಗೆ ಸಿಗುವುದಿಲ್ಲ, ಅಲ್ವಾ?

ಹೆಣ್ಣಿಗೆ ಗರ್ಭನಿರೋಧಕ ಕೊಡಬಹುದು. ದಾಖಲೆ ಪ್ರಕಾರ ಗಂಡು ಶುದ್ಧ ಆಗಿದ್ದರೆ, ಅದೇ ಬಗೆಯ ಹೆಣ್ಣುಗಳಿರುವ ಕಡೆಗೆ ಕಳಿಸಬಹುದು. ತಾಯಿ, ಮರಿ ಇಲ್ಲೇ ಇರಲಿ, ಒರಾಂಗುಟಾನ್‌ಗೆ ಹಾಕಿದಂಥದ್ದೇ ಬೋರ್ಡ್ ಇವಕ್ಕೂ ಬೀಳಲಿ. ವಲಯದ ಹೆಸರು 'ಪೂರ್ವ ಆಫ್ರಿಕಾ' ಅಂತ ಮಾಡಿದರೂ ನನ್ನ ಅಭ್ಯಂತರ ಇಲ್ಲ. ಇಷ್ಟಾದರೆ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.