ಹಳೇ ಆಕ್ಟೇವಿಯಾ ಆರ್‌ಎಸ್ ಇರುವವರು ‘ಎಲ್ಲ ಗಾಡಿಗೂ ಬರುತ್ತೆ’ ಅನ್ನುವ ಸ್ಕ್ಯಾನರ್ ಕೊಳ್ಳಬೇಡಿ

ಮೂರು ವಾರದಿಂದ ಹೊಟ್ಟೆ ಉರಿಯುತ್ತಿದೆ, ಬರೆದೇ ಬಿಡುತ್ತೇನೆ. ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಒಂದೇ ಸೆಕೆಂಡಿಗೆ ಆಫ್. ಮತ್ತೆ ತಿರುಗಿಸಿದರೂ ಅದೇ. ಬ್ಯಾಟರಿ ಸರಿ ಇದೆ, ಪೆಟ್ರೋಲ್ ಇದೆ. ಎರಡನೇ ಕೀ ಹಾಕಿದರೂ ಅಷ್ಟೇ. ಮೀಟರಿನಲ್ಲಿ ಒಂದು ದೀಪ ಮಿನುಗುತ್ತಿತ್ತು, ಅದನ್ನು ಆಗ ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗ್ಯಾರೇಜಿಗೆ ಎಳೆಸುವ ಮುಂಚೆ ನಾನೇ ನೋಡೋಣ ಅಂತ ಸ್ಕ್ಯಾನರ್, ಅಂದರೆ ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿ ತೊಂದರೆಯ ಕೋಡ್ ಓದುವ ಯಂತ್ರ, ಕೊಳ್ಳಲು ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿಗೆ ಹೋದೆ. ಗಾಡಿ, ವರ್ಷ, ಇಂಜಿನ್, ತೊಂದರೆ ಎಲ್ಲ ಬಿಡಿಸಿ ಹೇಳಿದೆ. ವರ್ಷ ಹೇಳಿದೆ, ನೆನಪಿಟ್ಟುಕೊಳ್ಳಿ. “ಎಲ್ಲ ಗಾಡಿಗೂ ಬರುತ್ತೆ ಸಾರ್, 16 ಪಿನ್ ಸಾಕೆಟ್ ಇದ್ರೆ ಸಾಕು” ಅಂದರು. 8,500 ರೂಪಾಯಿ. ಬಿಲ್ ಕೇಳಿದರೆ “ಬಿಲ್ ಯಾಕೆ ಸಾರ್, ನಾನಿದ್ದೀನಲ್ಲ”. ಆ ಮಾತಿಗೆ ತಲೆಯಾಡಿಸಿ ಬಂದೆನಲ್ಲ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ ಆಗುತ್ತದೆ.

ಮನೆಗೆ ಬಂದು ಹಾಕಿದರೆ ಸ್ಕ್ರೀನಿನಲ್ಲಿ ‘ನೋ ಫಾಲ್ಟ್’. ಫೋನ್ ಮಾಡಿದೆ. “ಕೋಡ್ ಇಲ್ಲ ಅಂದ್ರೆ ಪೆಟ್ರೋಲ್ ಪಂಪ್ ಹೋಗಿದೆ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿಸಿ.” ಹಾಕಿಸಿದೆ. ಕೂಲಿ ಸೇರಿ 14,000. ಸ್ಟಾರ್ಟ್, ಒಂದು ಸೆಕೆಂಡ್, ಆಫ್.

ಕೊನೆಗೆ ಒಬ್ಬ ಗೆಳೆಯ ಲ್ಯಾಪ್‌ಟಾಪು, ವಿಸಿಡಿಎಸ್ (ಸ್ಕೋಡಾ ಸೇರಿದ ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳನ್ನು ಓದುವ ಸಾಫ್ಟ್‌ವೇರ್) ಕೇಬಲ್ ತಂದ. ಹತ್ತು ನಿಮಿಷ, ಅಷ್ಟೇ. ಇಂಜಿನ್ನಿನಲ್ಲಿ ಕೋಡ್ 17978, ಅಂದರೆ ಇಮೊಬಿಲೈಸರ್ (ಸರಿಯಾದ ಕೀ ಅಲ್ಲದಿದ್ದರೆ ಇಂಜಿನ್ ತಡೆಯುವ ಕಳ್ಳತನ-ನಿರೋಧಕ) ಸ್ಟಾರ್ಟ್ ಆಗಲು ಬಿಡುತ್ತಿಲ್ಲ. ಆ ಸಾಫ್ಟ್‌ವೇರಿನಲ್ಲಿ ಮೀಟರಿಗೆ 17ನೇ ನಂಬರು, ಅದನ್ನು ತೆರೆದರೆ ಕೋಡ್ 01128, ಕೀಲಿಯ ಚಿಪ್ ಓದುವ ಕಾಯಿಲ್. ಇಗ್ನಿಷನ್ ಲಾಕಿನ ಸುತ್ತ ಕೂತಿರುವ ಪುಟ್ಟ ಉಂಗುರ! ಅದನ್ನು ಬದಲಾಯಿಸಿದ ಮೇಲೆ ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ಆಫ್ ಆಗಲಿಲ್ಲ. ನಾನು ಸ್ಟೇರಿಂಗ್ ಹಿಡಿದು ಸುಮ್ನೆ ಕೂತುಬಿಟ್ಟೆ. ಪಂಪ್ ಚೆನ್ನಾಗಿಯೇ ಇತ್ತು, ಅಲ್ವಾ? 14,000!

ಸಾಕೆಟ್ ಒಂದೇ ಥರ ಇದ್ದರೂ ಒಳಗಿನ ಮಾತು ಬೇರೆ. ಅಂಥ ಸ್ಕ್ಯಾನರ್ ಓದುವುದು ಇಂಜಿನ್ನಿನ ಹೊಗೆಗೆ ಸಂಬಂಧಪಟ್ಟ ಕೋಡುಗಳನ್ನು ಮಾತ್ರ. ಈ ಗಾಡಿಯಲ್ಲಿ ಇಮೊಬಿಲೈಸರ್ ಇರುವುದು ಮೀಟರಿನೊಳಗೆ, ಅದು ಸಾಕೆಟ್ಟಿನ 7ನೇ ಪಿನ್ನಿನ ಕೆ-ಲೈನ್ ಎಂಬ ತಂತಿಯಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ ಹಳೇ ಕೆಡಬ್ಲ್ಯುಪಿ 1281 ಭಾಷೆಯಲ್ಲಿ ಮಾತಾಡುತ್ತದೆ. ಆ ಕಡೆ ನೋಡದೆಯೇ ‘ನೋ ಫಾಲ್ಟ್’ ಅಂತ ತೋರಿಸಿತ್ತು.

ವಾಪಸ್ ಒಯ್ದೆ. “ಇಂಜಿನ್ ಓದುತ್ತೆ ಅಂದೆ, ಮೀಟರ್ ಓದುತ್ತೆ ಅಂದ್ನಾ ಸಾರ್?” ಆಮೇಲೆ “ಬಾಕ್ಸ್ ಓಪನ್ ಆಗಿದೆ, ವಾಪಸ್ ಇಲ್ಲ”. ಆಮೇಲೆ ಬಂತು ನೋಡಿ, “ನಿಮ್ಮ ಗಾಡಿ ಹಳೇದು ಸಾರ್, ಮಷಿನ್‌ದೇನು ತಪ್ಪು?” ವರ್ಷ ನಾನು ಮೊದಲೇ ಹೇಳಿದ್ದೆ! ಅಂಗಡಿಯಲ್ಲಿ ನಿಂತ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು.

ದುಡ್ಡು ಕೊಡುವ ಮುಂಚೆ ನಿಮ್ಮ ಗಾಡಿಗೆ, ಇಲ್ಲವೇ ಅದೇ ಕಾಲದ ಇನ್ನೊಂದು ಸ್ಕೋಡಾಕ್ಕೆ ಹಾಕಿ 17, ಅಂದರೆ ಮೀಟರ್, ತೆರೆದು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ‘ನೋ ಫಾಲ್ಟ್’ ನಂಬಿ ಒಂದು ನಟ್ಟನ್ನೂ ಬಿಚ್ಚಿಸಬೇಡಿ. ಬಿಲ್ ಬಿಡಬೇಡಿ.

ಆ ಬಾಕ್ಸ್ ಇನ್ನೂ ಡಿಕ್ಕಿಯಲ್ಲೇ ಇದೆ. ಬಿಲ್ ಇಲ್ಲ, ಆದರೆ ಯುಪಿಐನಲ್ಲಿ ಕಟ್ಟಿದ ದಾಖಲೆ ಇದೆ. ಶನಿವಾರ ಅದನ್ನು ಹಿಡಿದು ಮತ್ತೆ ಹೋಗುತ್ತೇನೆ.