ಲಾರಿ ಬಾಡಿಗೆ 450ರ ಪ್ಲೇಟ್: ತಳಕ್ಕೆ ಸೈ, ಗೋಡೆಗೆ ಲೆಕ್ಕ ಬೇರೆ

ಟಿಪ್ಪರ್, ಟ್ರೈಲರ್ ಬಾಡಿ ಕಟ್ಟುವವರ ಬಾಯಲ್ಲಿ 'ಹಾರ್ಡಾಕ್ಸ್' ಅನ್ನುವುದು ಒಂದು ಕಂಪನಿಯ ಮಾಲಿನ ಹೆಸರಾಗಿ ಉಳಿದಿಲ್ಲ. ಗಟ್ಟಿ ಪ್ಲೇಟ್ ಅಂದರೆ ಅದೇ ಎಂಬಂತಾಗಿದೆ. ಸ್ವೀಡನ್ನಿನ ಎಸ್‌ಎಸ್‌ಎಬಿ ತಯಾರಿಸುವ ಈ ಪ್ಲೇಟುಗಳಲ್ಲಿ ಬಾಡಿ ಕೆಲಸಕ್ಕೆ ಹೆಚ್ಚು ಹೋಗುವುದು 450. ಆ ಸಂಖ್ಯೆ ಬ್ರಿನೆಲ್ ಗಡಸುತನದ್ದು (ಗಟ್ಟಿ ಗುಂಡು ಒತ್ತಿ, ಬಿದ್ದ ಗುಳಿ ನೋಡಿ ಅಳೆಯುವ ಗಡಸುತನ): 425ರಿಂದ 475ರ ನಡುವೆ ಇರುತ್ತದೆ. ಮಾಮೂಲಿ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟ್ 120ರ ಆಸುಪಾಸು. ಬಾಗಿದ ಪ್ಲೇಟು ಮತ್ತೆ ನೆಟ್ಟಗಾಗದೆ ಹಾಗೇ ಉಳಿದುಬಿಡುವ ಹಂತ, ಅಂದರೆ ಯೀಲ್ಡ್, ಎಂಎಸ್‌ಗೆ ಸುಮಾರು 250 ಮೆಗಾಪಾಸ್ಕಲ್. ಇದಕ್ಕೆ 1100ಕ್ಕೂ ಮೇಲೆ. ಈ ಅಂಕಿ ನೋಡಿಯೇ '6 ಮಿ.ಮೀ. ಯಾಕೆ, 4 ಹಾಕಿ, ತೂಕ ಉಳಿಸಿ' ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತದೆ. ಸಲಹೆ ಅರ್ಧ ಸರಿ. ಇನ್ನರ್ಧ ತಿಳಿಯದೆ ಕಟ್ಟಿದ ಬಾಡಿಯಲ್ಲಿ ಪ್ಲೇಟು ಹಾಗೇ ಇರುತ್ತದೆ, ಸುತ್ತಲಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಕಲ್ಲು, ಜೆಲ್ಲಿ, ಅದಿರು ಸಾಗಿಸುವ ಟಿಪ್ಪರಿನ ತಳಕ್ಕೆ ಈ ಪ್ಲೇಟು ನಿಸ್ಸಂಶಯವಾಗಿ ಒಳ್ಳೆಯದು. ಪಕ್ಕದ ಗೋಡೆಗೆ ಲಾಭ ಕಡಿಮೆ. ಪ್ಯಾಲೆಟ್, ಚೀಲ, ಪೆಟ್ಟಿಗೆ ಸಾಗಿಸುವ ಬಾಡಿಗೆ ಬೇಕಿಲ್ಲ. ಆದರೆ ಯಾವುದೇ ಬಾಡಿಯಲ್ಲೂ ಪ್ಲೇಟಿಗಿಂತ ಮೊದಲು ನೋಡಬೇಕಾದ್ದು ಗೋಡೆಯೂ ತಳವೂ ಸೇರುವ ಮೂಲೆಯನ್ನು.

ಗಟ್ಟಿತನ ಬೇರೆ, ಬಿಗಿತನ ಬೇರೆ. ಗಟ್ಟಿ ಉಕ್ಕು ಸುಲಭಕ್ಕೆ ತಗ್ಗು ಬೀಳುವುದಿಲ್ಲ, ಬೇಗ ಸವೆಯುವುದಿಲ್ಲ. ಆದರೆ ಭಾರಕ್ಕೆ ಬಳುಕುವ ವಿಷಯದಲ್ಲಿ ಅದಕ್ಕೂ ಎಂಎಸ್‌ಗೂ ಕಿಂಚಿತ್ತೂ ವ್ಯತ್ಯಾಸವಿಲ್ಲ. ಬಳುಕಿಗೆ ಎಷ್ಟು ಎದುರು ನಿಲ್ಲುತ್ತದೆ ಎಂದು ಹೇಳುವ ಸ್ಥಿತಿಸ್ಥಾಪಕತೆಯ ಅಂಕಿ ಎರಡಕ್ಕೂ 210 ಗಿಗಾಪಾಸ್ಕಲ್ ಸುಮಾರು. ಬಳುಕನ್ನು ನಿರ್ಧರಿಸುವುದು ದಪ್ಪದ ಘನ. 6ರ ಜಾಗದಲ್ಲಿ 4 ಮಿ.ಮೀ. ಬಂದರೆ ಬಿಗಿತನ ಶೇ 30ಕ್ಕೆ ಇಳಿಯುತ್ತದೆ, ಅಂದರೆ ಅದೇ ಭಾರಕ್ಕೆ ಪ್ಲೇಟು ಮೂರು ಪಟ್ಟಿಗೂ ಹೆಚ್ಚು ಬಳುಕುತ್ತದೆ. ಪ್ಲೇಟಿಗೆ ಇದರಿಂದ ಏನೂ ಆಗದು, ಭಾರ ಇಳಿದ ಮೇಲೆ ಮೊದಲಿನಂತಾಗುತ್ತದೆ. ಏಟು ಬೀಳುವುದು ಅದನ್ನು ಹಿಡಿದಿರುವ ವೆಲ್ಡಿಂಗಿಗೆ. ಪ್ರತಿ ಲೋಡಿಗೂ ಪ್ಲೇಟು, ತಳದ ಕೆಳಗೆ ಅದನ್ನು ಹೊರುವ ಅಡ್ಡ ಚಾನೆಲಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುತ್ತಾ ಬೆಸುಗೆಯ ತುದಿಯನ್ನು ಸೀಳುತ್ತದೆ. ಬಾಡಿ ಎತ್ತಿಸಿ ಕೆಳಗೆ ನಿಂತು ನೋಡಿದರೆ ಬಿಟ್ಟು ಬಿಟ್ಟು ಹಾಕಿದ ಬೆಸುಗೆಗಳ ತುದಿಯಲ್ಲಿ ಕೂದಲೆಳೆಯಂಥ ಕಂದು ಗೆರೆ ಕಾಣುತ್ತದೆ. ಬಣ್ಣ ಬಿರಿದು ಒಳಗಿನ ತುಕ್ಕಿನ ಪುಡಿ ಹೊರಬಂದದ್ದು ಅದು.

ಪರಿಹಾರ ಅಡ್ಡ ಚಾನೆಲುಗಳ ಅಂತರದಲ್ಲಿದೆ. ಸಮನಾಗಿ ಹರಡಿದ ಭಾರಕ್ಕೆ ಬಳುಕು ಅಂತರದ ನಾಲ್ಕನೇ ಘಾತಕ್ಕೆ ಏರುತ್ತದೆ. ಹಾಗಾಗಿ 6 ಮಿ.ಮೀ. ತಳಕ್ಕೆ 400 ಮಿ.ಮೀ. ಅಂತರ ಇದ್ದರೆ, 4 ಮಿ.ಮೀ. ತಳಕ್ಕೆ 300 ಮಿ.ಮೀ. ಸುಮಾರಿಗೆ ತಂದರೆ ಬಳುಕು ಮೊದಲಿನ ಮಟ್ಟಕ್ಕೆ ಬರುತ್ತದೆ. ಈಗ ತೂಕದ ಲೆಕ್ಕ ಪ್ರಾಮಾಣಿಕವಾಗಿ ಮಾಡೋಣ. ಉಕ್ಕು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. 6 ಮೀಟರ್ ಉದ್ದ, 2.3 ಮೀಟರ್ ಅಗಲದ ತಳ 13.8 ಚದರ ಮೀಟರ್. 2 ಮಿ.ಮೀ. ಕಡಿತದಿಂದ ಉಳಿಯುವುದು ಸುಮಾರು 217 ಕೆ.ಜಿ. ಅಂತರ 300ಕ್ಕೆ ಇಳಿಸಿದಾಗ ಅಡ್ಡ ಚಾನೆಲು 16ರಿಂದ 21 ಆಗುತ್ತವೆ. 4 ಮಿ.ಮೀ. ಶೀಟನ್ನು 100×50ಕ್ಕೆ ಬಗ್ಗಿಸಿದ ಚಾನೆಲು ಮೀಟರಿಗೆ 6 ಕೆ.ಜಿ. ಹತ್ತಿರ, ಅಂದರೆ ಹೆಚ್ಚುವರಿ 70 ಕೆ.ಜಿ. ನಿವ್ವಳ ಉಳಿತಾಯ 150 ಕೆ.ಜಿ. ಇದೂ ಚೆನ್ನಾಗಿಯೇ ಇದೆ. ಆದರೆ 217 ಎಂದು ಹೇಳಿ ಮಾರುವವರು ಚಾನೆಲಿನ ಮಾತು ಎತ್ತಿಲ್ಲ ಎಂದರ್ಥ. ತೂಕ ಮುಖ್ಯವಲ್ಲ, ಬಾಳಿಕೆ ಮುಖ್ಯ ಅನ್ನುವವರು 6 ಮಿ.ಮೀ. 450ನ್ನೇ ಹಾಕಿಸಲಿ. ದೊಡ್ಡ ಬಂಡೆಗಳನ್ನು ಎತ್ತರದಿಂದ ಸುರಿಯುವ ಕೆಲಸಕ್ಕೆ 4 ಸಾಲುವುದಿಲ್ಲ.

ವೆಲ್ಡಿಂಗಿನಲ್ಲಿ ಜನ ಮಾಡುವ ದೊಡ್ಡ ತಪ್ಪು, ಗಟ್ಟಿ ಪ್ಲೇಟಿಗೆ ಗಟ್ಟಿ ರಾಡೇ ಬೇಕು ಎಂದುಕೊಳ್ಳುವುದು. ಬೇಕಾದ್ದು ಮೃದುವಾದದ್ದು: ತಂತಿ ತಾನಾಗಿ ಬರುವ ಮಿಗ್ ವೆಲ್ಡಿಂಗಿನಲ್ಲಿ ಮಾಮೂಲಿ ಇಆರ್70ಎಸ್-6 ತಂತಿ, ರಾಡಾದರೆ ಕಡಿಮೆ ಹೈಡ್ರೋಜನ್ನಿನ 7018. ಗಡಸು ರಾಡಿನ ಬೆಸುಗೆ ತಣ್ಣಗಾಗುವಾಗ ಎಳೆದುಕೊಂಡು ಬಿರಿಯುತ್ತದೆ. 7018ನ್ನು ಡಬ್ಬಿ ಒಡೆದು ಬಯಲಿನಲ್ಲಿ ಇಟ್ಟು ಬಳಸಿದರೆ ತೇವ ಹೀರಿರುತ್ತದೆ, ಆ ತೇವದ ಹೈಡ್ರೋಜನ್ನೇ ಮರುದಿನ ಬಿರುಕಾಗಿ ಕಾಣುತ್ತದೆ. ಓವನ್ನಿನಲ್ಲಿ 300ರಿಂದ 350 ಡಿಗ್ರಿಯಲ್ಲಿ ಒಣಗಿಸಿ, ಬಿಸಿಯಾಗಿಯೇ ಬಳಸಬೇಕು. ಚಾನೆಲಿಗೆ ಪ್ಲೇಟು ಹಿಡಿಸಲು ಪೂರ್ತಿ ಉದ್ದಕ್ಕೆ ಬೆಸುಗೆ ಬೇಡ, ಪ್ಲೇಟು ಅಲೆಅಲೆಯಾಗಿ ಮುರುಟುತ್ತದೆ. 50 ಮಿ.ಮೀ. ಬೆಸುಗೆ, 100ರಿಂದ 150 ಮಿ.ಮೀ. ಖಾಲಿ, ಎರಡು ಮಗ್ಗುಲಲ್ಲೂ ಒಂದರ ಎದುರು ಒಂದು ಬಾರದ ಹಾಗೆ. ಚಾನೆಲಿನ ಎರಡೂ ತುದಿಯ 100 ಮಿ.ಮೀ. ಮಾತ್ರ ಬಿಡದೆ ಹಾಕಿ, ತುದಿಯನ್ನು ಸುತ್ತಿ ಮುಗಿಸಬೇಕು. ಬೆಸುಗೆ ನಿಲ್ಲುವ ಜಾಗವೇ ಬಿರುಕು ಹುಟ್ಟುವ ಜಾಗ. ಖಾಲಿ ಬಿಟ್ಟ ಸಂದಿಗಳಿಗೆ ಪಾಲಿಯುರೆಥೇನ್ ಸೀಲೆಂಟ್ ತುಂಬದಿದ್ದರೆ ನೀರು ನಿಂತು ಒಳಗಿಂದಲೇ ತಿನ್ನುತ್ತದೆ. 450 ತುಕ್ಕು ಹಿಡಿಯದ ಉಕ್ಕಲ್ಲ, ಎಂಎಸ್‌ನಷ್ಟೇ ಹಿಡಿಯುತ್ತದೆ.

ಈ ಉಕ್ಕಿನ ಗಡಸುತನ ಬಂದಿರುವುದು ಕಾಯಿಸಿ ಥಟ್ಟನೆ ತಣಿಸಿದ್ದರಿಂದ. 250 ಡಿಗ್ರಿ ದಾಟಿದರೆ ಆ ಗಡಸುತನ ಇಳಿಯುತ್ತಾ ಹೋಗುತ್ತದೆ. ತಗ್ಗು ಬಿದ್ದ ಜಾಗವನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿಯುವ ಹಳೆಯ ರೂಢಿ ಇಲ್ಲಿ ಸಲ್ಲದು. ನೆಟ್ಟಗಾದ ಆ ಜಾಗ ತನ್ನ ಗಡಸುತನದ ಬಹುಪಾಲು ಕಳೆದುಕೊಂಡಿರುತ್ತದೆ. ಬೆಸುಗೆಯ ಎರಡು ಪಕ್ಕದ ಪಟ್ಟಿಯೂ ಹೀಗೇ ಮೆತ್ತಗಾಗಿರುತ್ತದೆ. ಅದಕ್ಕೇ ತಳದ ಪ್ಲೇಟುಗಳ ಜೋಡಣೆ ಬಾಡಿಯ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಇರಬಾರದು. ಅಡ್ಡ ಜೋಡಣೆಯ ಮೇಲೆ ಪ್ರತಿ ಸಲ ಜಾರುವ ಜೆಲ್ಲಿ ಆ ಮೆತ್ತನೆಯ ಗೆರೆಯನ್ನು ಕಾಲುವೆಯಂತೆ ಕೊರೆಯುತ್ತದೆ.

ಇನ್ನು ಮೂಲೆ. ಗೋಡೆಯ ಶೀಟನ್ನು ತಳದ ಮೇಲೆ ನೇರ ನಿಲ್ಲಿಸಿ ಒಳಮೂಲೆಗೆ ಬೆಸುಗೆ ಹಾಕುವುದು ಸುಲಭದ ದಾರಿ, ಕೆಟ್ಟ ದಾರಿ ಕೂಡ. ಸರಕು ಗೋಡೆಯನ್ನು ಹೊರಕ್ಕೆ ತಳ್ಳಿದಾಗ ಬುಡದ ಒಳಮಗ್ಗುಲು ಎಳೆತಕ್ಕೆ ಸಿಗುತ್ತದೆ. ಇಡೀ ಗೋಡೆಯಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಗೆರೆಯಲ್ಲೇ ಅತಿ ದುರ್ಬಲವಾದ ಬೆಸುಗೆ ಕೂರಿಸಿದಂತಾಯಿತು. ಒದ್ದೆ ಮಣ್ಣು ಅಂಟಿ ನಿಲ್ಲುವುದೂ ಅಲ್ಲೇ. ತಳದ ಪ್ಲೇಟಿನ ಅಂಚನ್ನೇ 150 ಮಿ.ಮೀ. ಮೇಲಕ್ಕೆ ಬಗ್ಗಿಸಿ, ಗೋಡೆಯ ಶೀಟನ್ನು ಅದಕ್ಕೆ ಸೇರಿಸಿದರೆ ಬೆಸುಗೆ ಮೂಲೆಯಿಂದ ಮೇಲೆ ಹೋಗುತ್ತದೆ, ಮೂಲೆ ದುಂಡಗಾಗುತ್ತದೆ, ಸರಕು ಸಲೀಸಾಗಿ ಜಾರುತ್ತದೆ. ಬಾಡಿ ಮಾಡಿಸುವವರು ಒಂದೇ ಒಂದು ವಿಷಯದಲ್ಲಿ ಹಟ ಹಿಡಿಯುವುದಾದರೆ ಇದರಲ್ಲಿ ಹಿಡಿಯಲಿ. ಬಗ್ಗಿಸುವಾಗ ಒಳ ತ್ರಿಜ್ಯ ದಪ್ಪದ 4 ಪಟ್ಟಿಗೆ ಕಡಿಮೆ ಬೇಡ; ಪ್ಲೇಟನ್ನು ಉದ್ದಕ್ಕೆ ಹಾಸಿದಾಗ ಬಾಗು ರೋಲಿಂಗ್ ದಿಕ್ಕಿಗೇ (ಕಾರ್ಖಾನೆಯಲ್ಲಿ ಪ್ಲೇಟನ್ನು ಉರುಳೆಗಳ ನಡುವೆ ಎಳೆದ ದಿಕ್ಕು) ಸಮಾನಾಂತರವಾಗಿ ಬರುತ್ತದೆ, ಅದು ಬಿರಿಯಲು ಹೆಚ್ಚು ಅನುಕೂಲವಾದ ದಿಕ್ಕು. ಕತ್ತರಿಸಿದ ಅಂಚಿನ ಮುಳ್ಳನ್ನು ಮೊದಲೇ ಗ್ರೈಂಡ್ ಮಾಡಬೇಕು. ಬಗ್ಗಿಸಿದ್ದು ಎಂಎಸ್‌ಗಿಂತ ಬಹಳ ಹೆಚ್ಚು ಹಿಂದಕ್ಕೆ ಚಿಮ್ಮುತ್ತದೆ, 90 ಡಿಗ್ರಿ ಬೇಕಾದರೆ ಅದನ್ನು ದಾಟಿ ಒತ್ತಬೇಕು.

ಗೋಡೆಯ ಮಟ್ಟಿಗೆ 450 ಯಾಕೆ ಅಷ್ಟು ಉಪಯೋಗಕ್ಕೆ ಬಾರದು? ಗೋಡೆ ಕೆಡುವುದು ಸವೆತದಿಂದಲ್ಲ, ಉಬ್ಬಿ ಕೆಡುತ್ತದೆ. ಉಬ್ಬನ್ನು ತಡೆಯುವುದು ಗೋಡೆಗೆ ಆಸರೆಯಾಗಿ ನಿಲ್ಲುವ ಕಂಬ ಮತ್ತು ಮೇಲಿನ ಪಟ್ಟಿ. ಮರಳಿನಂಥ ಸರಕು, ಘನ ಮೀಟರಿಗೆ 1600 ಕೆ.ಜಿ., 1.2 ಮೀಟರ್ ಎತ್ತರ ತುಂಬಿದೆ ಎಂದುಕೊಳ್ಳಿ. ಒಳ ಘರ್ಷಣೆಯ ಕೋನ 30 ಡಿಗ್ರಿ ಇದ್ದರೆ ಪಕ್ಕಕ್ಕೆ ಬರುವುದು ಮೇಲಿನ ಭಾರದ ಮೂರನೇ ಒಂದು ಪಾಲು. ಬುಡದಲ್ಲಿ ಚದರ ಮೀಟರಿಗೆ ಸುಮಾರು 640 ಕೆ.ಜಿ. ಒತ್ತಡ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಒಟ್ಟು 380 ಕೆ.ಜಿ. ತಳ್ಳು, ಅದು ಕೆಲಸ ಮಾಡುವುದು ಬುಡದಿಂದ 40 ಸೆಂ.ಮೀ. ಎತ್ತರದಲ್ಲಿ. ಕಂಬಗಳು 600 ಮಿ.ಮೀ.ಗೆ ಒಂದರಂತೆ ಇದ್ದರೆ ಒಂದೊಂದರ ಬುಡಕ್ಕೆ 0.9 ಕಿಲೋನ್ಯೂಟನ್ ಮೀಟರ್ ಬಾಗುಬಲ. ಗುಂಡಿ, ತಿರುವುಗಳಿಗೆಂದು ಎರಡು ಪಟ್ಟು ಹಿಡಿದರೆ 1.8. ಎಂಎಸ್‌ನಲ್ಲಿ 160 ಮೆಗಾಪಾಸ್ಕಲ್ ಮೀರದಂತೆ ನೋಡಿಕೊಂಡರೆ 11 ಘನ ಸೆಂ.ಮೀ.ಗಿಂತ ತುಸು ಹೆಚ್ಚು ಸೆಕ್ಷನ್ ಮಾಡ್ಯುಲಸ್ (ಕಂಬದ ಅಡ್ಡಕೊಯ್ತದ ಆಕಾರ ಬಾಗುಬಲವನ್ನು ಎಷ್ಟು ತಾಳಬಲ್ಲದು ಎಂಬ ಅಳತೆ) ಬೇಕು. 75ರ ಹಾಟ್ ರೋಲ್ಡ್ ಚಾನೆಲು ಇದನ್ನು ಆರಾಮವಾಗಿ ಹೊರುತ್ತದೆ; ಶೀಟು ಬಗ್ಗಿಸಿ ಮಾಡಿದ ತೆಳು ಕಂಬವಾದರೆ ಲೆಕ್ಕ ಹಾಕಿಯೇ ಒಪ್ಪಬೇಕು.

ಈ ಲೆಕ್ಕದಲ್ಲಿ ನೆನಪಿಡಬೇಕಾದ ಒಂದು ಮಾತಿದೆ. ಬುಡದ ಬಾಗುಬಲ ಎತ್ತರದ ಘನಕ್ಕೆ ಏರುತ್ತದೆ. 1.2 ಮೀಟರ್ ಗೋಡೆಯ ಮೇಲೆ ಹಲಗೆ ಏರಿಸಿ 1.5 ಮಾಡಿದರೆ ಎತ್ತರ ಹೆಚ್ಚಿದ್ದು ಕಾಲು ಭಾಗ, ಬುಡದ ಮೇಲಿನ ಬಲ ಹೆಚ್ಚುಕಡಿಮೆ ಎರಡು ಪಟ್ಟು. ಆಮೇಲೆ ಕಂಬದ ಬುಡ ಸೀಳಿತೆಂದು ಪ್ಲೇಟನ್ನು ದೂರಿ ಫಲವಿಲ್ಲ. ಸರಕು ಒದ್ದೆಯಾಗಿ ಕೆಸರಿನಂತಾದರೆ ಆ ಮೂರನೇ ಒಂದು ಪಾಲು ಇನ್ನೂ ಏರುತ್ತದೆ.

ಕಂಬ ನಿಲ್ಲುವ ಜಾಗವೂ ಮುಖ್ಯ. ಪ್ರತಿ ಕಂಬವೂ ಒಂದು ಅಡ್ಡ ಚಾನೆಲಿನ ತುದಿಗೆ ಸರಿಯಾಗಿ ಬರಬೇಕು. ಆಗ ಬುಡದ ಬಲ ನೇರ ಚಾನೆಲಿಗೆ ಇಳಿಯುತ್ತದೆ. ತಳದ ಅಂತರ 300, ಕಂಬದ ಅಂತರ 600 ಇಟ್ಟರೆ ಒಂದು ಬಿಟ್ಟು ಒಂದಕ್ಕೆ ತಾನಾಗಿಯೇ ಕೂರುತ್ತದೆ. ಅಂತರ ಹೊಂದದೆ ಕಂಬ ಎರಡು ಚಾನೆಲುಗಳ ನಡುವೆ ಬಿದ್ದರೆ ಅಂಚಿನ ಪಟ್ಟಿ ತಿರುಚಿಕೊಳ್ಳುತ್ತದೆ, ಗೋಡೆ ವಾಲುತ್ತದೆ. ಮೇಲಿನ ಪಟ್ಟಿಗೆ ಒಂದೇ ಆಂಗಲ್ ಹಾಕುವುದಕ್ಕಿಂತ ಮುಚ್ಚಿದ ಬಾಕ್ಸ್ ಪೈಪ್ ಒಳ್ಳೆಯದು, ಲೋಡರಿನ ಬಕೆಟ್ ತಾಗಿದರೂ ತಡೆಯುತ್ತದೆ. ಇಷ್ಟಿದ್ದರೆ ಗೋಡೆಗೆ ಮಾಮೂಲಿ 3 ಅಥವಾ 4 ಮಿ.ಮೀ. ಎಂಎಸ್ ಸಾಕು. ಕಂಬವೇ ಇಲ್ಲದೆ ದುಂಡು ತಳದಿಂದ ಗೋಡೆಯವರೆಗೆ ಒಂದೇ ಚಿಪ್ಪಿನಂತೆ ಮಾಡುವ ಬಾಡಿಗಳಲ್ಲಿ ಮಾತ್ರ ಗೋಡೆಗೂ 450 ನಿಜಕ್ಕೂ ಬೇಕು. ಅಲ್ಲಿ ಆಕಾರವೇ ಬಿಗಿತನ ಕೊಡುತ್ತದೆ.

ಸರಕು ಪ್ಯಾಲೆಟ್ ಆದರೆ ಲೆಕ್ಕವೇ ಬೇರೆ. ಅಲ್ಲಿ ತಳಕ್ಕೆ ಶತ್ರು ಫೋರ್ಕ್‌ಲಿಫ್ಟಿನ ಸಣ್ಣ ಗಾಲಿ. ಕಂಟೇನರುಗಳ ಐಎಸ್‌ಒ 1496-1 ಪರೀಕ್ಷೆಯಲ್ಲಿ ಪ್ರತಿ ಗಾಲಿಗೆ 3630 ಕೆ.ಜಿ., ಅದೂ 142 ಚದರ ಸೆಂ.ಮೀ. ಜಾಗದ ಮೇಲೆ. ಇದನ್ನು 28 ಮಿ.ಮೀ. ಪ್ಲೈವುಡ್ ತಡೆಯುತ್ತದೆ, ಕೆಳಗೆ ಅಡ್ಡ ಚಾನೆಲುಗಳು ಹತ್ತಿರ ಹತ್ತಿರ ಇರುವುದರಿಂದ. ಪ್ಲೈ ಕೊಳೆಯುವುದು ಅಂಚಿನಿಂದ: ಕತ್ತರಿಸಿದ ಪ್ರತಿ ಅಂಚಿಗೂ, ಸ್ಕ್ರೂ ತೂತಿಗೂ ಸೀಲೆಂಟ್ ಬೇಕು, ಮೇಲ್ಪದರದ ಎಳೆ ಅಡ್ಡ ಚಾನೆಲಿಗೆ ಲಂಬವಾಗಿರಬೇಕು. ಗೋಡೆಗೆ ಲಾರಿ ಬಾಡಿಯ ಬಲದ ಬಗೆಗಿನ ಯುರೋಪಿನ ಮಾನದಂಡ ಇಎನ್ 12642 ಎಕ್ಸ್‌ಎಲ್ ಒಳ್ಳೆಯ ಅಳತೆಗೋಲು. ಪಕ್ಕದ ಗೋಡೆ ಸರಕಿನ ತೂಕದ ಶೇ 40ನ್ನು ತಡೆಯಬೇಕು, ಮುಂದಿನದು ಶೇ 50, ಹಿಂದಿನದು ಶೇ 30. 24 ಟನ್ ಸರಕಿಗೆ ಪಕ್ಕದ ಗೋಡೆ 9.6 ಟನ್ ತಳ್ಳು ತಾಳಬೇಕು ಎಂದಾಯಿತು. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಪಾಲು, ಬಿಗಿತನದಲ್ಲೂ ಅಷ್ಟೇ. ಅದನ್ನು ಉಕ್ಕಿನ ಚಾನೆಲಿಗೆ ನೇರ ಬೋಲ್ಟ್ ಮಾಡದೆ ನಡುವೆ ರಬ್ಬರ್ ಅಥವಾ ಟೇಪ್ ಕೊಡಬೇಕು, ಇಲ್ಲವಾದರೆ ತೇವ ಸೇರಿದೊಡನೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಚೆಕರ್ಡ್ ಪ್ಲೇಟನ್ನು ಟಿಪ್ಪರಿನ ತಳಕ್ಕೆ ಹಾಕುವುದನ್ನು ನಿಲ್ಲಿಸಬೇಕು. ಅದರ ಉಬ್ಬುಗಳು ಕಾಲು ಜಾರದಿರಲೆಂದು ಇರುವಂಥವು. ಸರಕನ್ನೂ ಜಾರಲು ಬಿಡುವುದಿಲ್ಲ.

ಕೊಳ್ಳುವಾಗ ಬಾಯಿಮಾತು ನಂಬಬೇಡಿ. ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಹೀಟ್ ನಂಬರನ್ನು (ಉಕ್ಕು ಯಾವ ಎರಕದ್ದು ಎಂದು ಹೇಳುವ ಸಂಖ್ಯೆ) ಪ್ಲೇಟಿನ ಮೇಲಿನ ಗುರುತಿಗೆ ಹೋಲಿಸಿ, ಕತ್ತರಿಸುವ ಮುಂಚೆಯೇ. ಪುಟಿದು ಅಳೆಯುವ ಲೀಬ್ ಯಂತ್ರ ತೆಳು ಪ್ಲೇಟಿನ ಮೇಲೆ ತಪ್ಪು ಅಂಕಿ ತೋರಿಸುತ್ತದೆ, ಪ್ಲೇಟೇ ಅದುರುವುದರಿಂದ. ಅರದಿಂದ ಉಜ್ಜಿದರೂ ಒಂದಿಷ್ಟು ಗೊತ್ತಾಗುತ್ತದೆ: ಎಂಎಸ್‌ನಲ್ಲಿ ಅರ ಕಚ್ಚಿ ಪುಡಿ ಎಬ್ಬಿಸುತ್ತದೆ, 450ರಲ್ಲಿ ಕಷ್ಟಪಟ್ಟು ಕಚ್ಚುತ್ತದೆ.

ಬಾಡಿಯನ್ನು ಚಾಸಿಸ್ ಮೇಲೆ ಕೂರಿಸುವಾಗ ಚಾಸಿಸ್ಸಿನ ಮೇಲಿನ, ಕೆಳಗಿನ ಫ್ಲ್ಯಾಂಜಿಗೆ (ಚಾನೆಲಿನ ಅಡ್ಡ ಮಡಿಕೆಗೆ) ತೂತು ಹೊಡೆಯುವುದಾಗಲಿ ವೆಲ್ಡ್ ಮಾಡುವುದಾಗಲಿ ಕೂಡದು. ಬಾಡಿಗೂ ಚಾಸಿಸ್ಸಿಗೂ ನಡುವೆ ಕೂರುವ ಸಬ್‌ಫ್ರೇಮಿನ ಮುಂದಿನ ತುದಿಯನ್ನು ಓರೆಯಾಗಿ ಕತ್ತರಿಸಿರಬೇಕು, ಚೌಕ ತುದಿ ಚಾಸಿಸ್ಸನ್ನು ಅಲ್ಲೇ ಮುರಿಯುತ್ತದೆ. ಅದನ್ನು ಚಾಸಿಸ್ಸಿಗೆ ಹಿಡಿಸಲು ಮುಂದೆ ಸ್ಪ್ರಿಂಗ್ ಇರುವ ಬ್ರಾಕೆಟ್, ಹಿಂದೆ ಅಲುಗದ ಪ್ಲೇಟ್ ಬೇಕು. ಯು-ಬೋಲ್ಟ್ ಹಾಕಿದ ಕಡೆ ಚಾಸಿಸ್ ಚಾನೆಲಿನೊಳಗೆ ಒತ್ತು ಕೊಡುವ ತುಂಡು ಇಲ್ಲದಿದ್ದರೆ ಬಿಗಿದಷ್ಟೂ ಫ್ಲ್ಯಾಂಜ್ ಒಳಕ್ಕೆ ಮಡಚುತ್ತದೆ. ಮೊದಲ ಕೆಲವು ಲೋಡುಗಳ ನಂತರ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಅದೇ ಹೊತ್ತಿಗೆ ಟಾರ್ಚ್ ಹಿಡಿದು ಪ್ರತಿ ಕಂಬದ ಬುಡವನ್ನೂ, ಅಡ್ಡ ಚಾನೆಲಿನ ಎರಡೂ ತುದಿಗಳನ್ನೂ ಒರೆಸಿ ನೋಡಬೇಕು. ಬಣ್ಣದಲ್ಲಿ ಗೆರೆ ಕಂಡರೆ ಅದರ ಮೇಲೇ ಬೆಸುಗೆ ಎಳೆಯಬಾರದು. ಬಿರುಕನ್ನು ತುದಿಯವರೆಗೆ ಗ್ರೈಂಡ್ ಮಾಡಿ ತೆಗೆದು, ಮತ್ತೆ ತುಂಬಿ, ಪಕ್ಕದ ಕಂಬಗಳನ್ನೂ ನೋಡಬೇಕು.